ಎರಡು ಕೋಣೆಗಳಿಗಾಗಿ ನಾಲ್ಕು ತಾಲೂಕು

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಫೆಬ್ರುವರಿಯ ಒಂದು ಸೋಮವಾರ ಬೆಳಿಗ್ಗೆ ಏಳಕ್ಕೆ ಹುಬ್ಬಳ್ಳಿಯಲ್ಲಿ ಶಿಗ್ಗಾಂವಿಯ ಬಸ್ಸು ಹತ್ತಿದೆ. ಟಿಕೆಟು ಮೂರು ರೂಪಾಯಿ ಹತ್ತು ಪೈಸೆ. ಕೈಯಲ್ಲಿ ಒಂದು ರೆಕ್ಸಿನ್ ಚೀಲ. ಅದರಲ್ಲಿ ಎರಡು ಸೀರೆ, ಅವ್ವ ಕಟ್ಟಿಕೊಟ್ಟ ಹಚ್ಚಿದ ಅವಲಕ್ಕಿ, ನೂರು ಹಾಳೆಯ ನೋಟುಬುಕ್ಕು, ಮತ್ತೆ ನಮ್ಮ ಪ್ರಾಚಾರ್ಯರು ನಾಲ್ಕು ಮಡಿಕೆ ಮಾಡಿ ಕೊಟ್ಟಿದ್ದ ಒಂದು ಕಾಗದ. ಕಿಟಕಿಯ ಗಾಜು ಮೇಲೇರುತ್ತಿರಲಿಲ್ಲ. ಚಳಿಗಾಳಿಗೆ ಸೆರಗನ್ನು ಕಿವಿಗೆ ಸುತ್ತಿಕೊಂಡು ಆ ಕಾಗದವನ್ನು ಮತ್ತೊಮ್ಮೆ ಬಿಚ್ಚಿ ಓದಿದೆ.

ನಾನಾಗ ಧಾರವಾಡದ ಒಂದು ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಹುಬ್ಬಳ್ಳಿಯ ಹತ್ತಿ ವ್ಯಾಪಾರಿ ಅಂದಾನೆಪ್ಪನವರು ತೀರಿಕೊಂಡ ಹೆಂಡತಿಯ ನೆನಪಿಗೆ ಯಾವುದಾದರೂ ಸರಕಾರಿ ಪ್ರಾಥಮಿಕ ಶಾಲೆಗೆ ಎರಡು ಕೋಣೆ ಕಟ್ಟಿಸಿಕೊಡುವ ಮನಸ್ಸು ಮಾಡಿ ನಮ್ಮ ಪ್ರಾಚಾರ್ಯರ ಹತ್ತಿರ ಬಂದಿದ್ದರು. ಶಿಗ್ಗಾಂವಿ, ಸವಣೂರು, ಹಾನಗಲ್ಲು, ಹಿರೇಕೆರೂರು ಈ ನಾಲ್ಕು ತಾಲೂಕಿನ ಹತ್ತಿಯಿಂದಲೇ ಅವರ ಮನೆ ಬೆಳೆದಿತ್ತು. ಹಾಗಾಗಿ ಕೋಣೆಗಳೂ ಅಲ್ಲಿಯೇ ಆಗಬೇಕು. ಷರತ್ತು ಒಂದೇ: "ಚೊಲೊ ಕಲಸೂ ಸಾಲಿಗೆ ಕೊಡ್ರಿ." ನಮ್ಮ ಕಾಲೇಜಿನಿಂದ ಶಾಲೆಗಳಿಗೆ ಪತ್ರ ಹೋದ ಮೇಲೆ ತಾಲೂಕಿಗೊಂದರಂತೆ ನಾಲ್ಕು ಶಾಲೆಗಳು ಅರ್ಜಿ ಹಾಕಿದ್ದವು. ಪ್ರಾಚಾರ್ಯರು ಆ ನಾಲ್ಕು ಶಾಲೆಗಳ ಏಳನೇ ಇಯತ್ತೆಯ, ಅಂದರೆ ಏಳನೇ ತರಗತಿಯ, ಫಲಿತಾಂಶವನ್ನು ತರಿಸಿ, ಮೇಲಿನಿಂದ ಕೆಳಗೆ ಅಂದವಾಗಿ ಬರೆಸಿದ್ದರು. ಮೇಲಿನದು ಹಿರೇಕೆರೂರು ತಾಲೂಕಿನ ಒಂದು ಹಳ್ಳಿಯ ಶಾಲೆ. ಅಲ್ಲಿ ಪರೀಕ್ಷೆಗೆ ಕೂತವರೆಲ್ಲ ಪಾಸು. ಕೆಳಗಿನದು ಸವಣೂರಿನದು. ಅಲ್ಲಿ ಅರ್ಧದಷ್ಟು ಮಕ್ಕಳು ನಪಾಸು.

"ವಾರಿಜಾ, ಕೆಲಸ ಮುಗಧಂಗ ಅದ," ಎಂದಿದ್ದರು ಪ್ರಾಚಾರ್ಯರು. "ಮ್ಯಾಲಿನ ಸಾಲಿ ಹೆಸರು ಬರದು ಸಹಿ ಮಾಡೂದಷ್ಟ. ಆದ್ರ ಅಂದಾನೆಪ್ಪನವರು ಕಣ್ಣಿಂದ ನೋಡಿ ಬರ್ರಿ ಅಂದಾರ. ಒಂದ್ ವಾರ ತಿರಗ್ಯಾಡಿ ಬಂದುಬಿಡು."

ನನಗೆ ತಿರುಗಾಟ ಬೇಕಾಗಿಯೇ ಇತ್ತು. ಮೇಲಿನ ಶಾಲೆ ಯಾಕೆ ಮೇಲೆ, ಕೆಳಗಿನದು ಯಾಕೆ ಕೆಳಗೆ ಎಂಬುದನ್ನು ಆ ಕಾಗದ ಹೇಳುತ್ತಿರಲಿಲ್ಲ. ಹೇಳದೆ ಬಿಟ್ಟದ್ದನ್ನು ಕೆದಕುವುದು ನನ್ನ ಹುಟ್ಟುಗುಣ.

ಶಿಗ್ಗಾಂವಿಯಲ್ಲಿ ಇಳಿದಾಗ ಒಂಬತ್ತು ದಾಟಿತ್ತು. ನಿಲ್ದಾಣದ ಎದುರಿನ ಖಾನಾವಳಿಯಲ್ಲಿ ಉಪ್ಪಿಟ್ಟು ತಿಂದು ನಾಲ್ಕು ಮೈಲಿ ನಡೆದೆ. ಟಾಂಗಾದವನು ಆ ದಾರಿಗೆ ಬರಲು ಒಪ್ಪಲಿಲ್ಲ. ಎರಡೂ ಕಡೆ ಮೆಣಸಿನಕಾಯಿ ಹೊಲ. ಕಿತ್ತು ಹರವಿದ ಕಾಯಿಯ ಘಾಟಿಗೆ ಹಳ್ಳಿ ಮುಟ್ಟುವುದರೊಳಗೆ ಹತ್ತು ಸಲ ಸೀನಿದೆ. ಶಾಲೆಯ ಮಾಸ್ತರು ಹನುಮಂತಪ್ಪ ಇನ್ನೂ ಇಪ್ಪತ್ತೈದರ ಹುಡುಗ. ಹಳ್ಳಿಯ ಮಕ್ಕಳ ಜೊತೆ ಪಕ್ಕದ ತಾಂಡಾದ ಲಂಬಾಣಿ ಮಕ್ಕಳೂ ಅಲ್ಲಿಗೇ ಬರುತ್ತಿದ್ದರು. ಬಂದ ಹೊಸತರಲ್ಲಿ ಅವಕ್ಕೆ ಕನ್ನಡ ಬಾರದು. ಮಾಸ್ತರು ಹಲಗೆಯನ್ನು ಎರಡು ಪಾಲು ಮಾಡಿ ಒಂದು ಕಡೆ 'ರೊಟ್ಟಿ', ಇನ್ನೊಂದು ಕಡೆ 'ಬಾಟಿ' ಎಂದು ಬರೆದಿದ್ದರು. 'ನೀರು' ಪಕ್ಕಕ್ಕೆ 'ಪಾಣಿ'.

"ಲಂಬಾಣಿ ಮಾತು ಎಲ್ಲಿ ಕಲ್ತಿರಿ?" ಎಂದು ಕೇಳಿದೆ.

"ಅವರ ಕಡಿಂದನ ಕಲ್ಯಾಕತ್ತೇನ್ರಿ," ಎಂದರು ನಾಚಿಕೊಂಡು. "ದಿನಾ ನಾ ಅವರಿಗೆ ಹತ್ತ ಶಬ್ದ ಕಲಸಬೇಕು, ಅವರು ನನಗ ಎರಡ ಕಲಸಬೇಕು. ಕರಾರು ಆಗೈತ್ರಿ. ನಾ ತಪ್ಪಿದ್ರ ನನಗೂ ಬಸ್ಕಿ."

ಆ ಶಾಲೆಗೆ ಗೋಡೆ ಗಟ್ಟಿಯಿತ್ತು, ಫಲಿತಾಂಶ ನಡುಮಟ್ಟದ್ದು. ಹೊರಡುವಾಗ ಮಕ್ಕಳು ನನ್ನ ಸೀನನ್ನು ಅಣಕಿಸುತ್ತ ಊರ ಅಗಸಿಬಾಗಿಲಿನ ತನಕ ಬಂದರು.

ಮರುದಿನ ಸವಣೂರು. ಶಿಗ್ಗಾಂವಿಯಿಂದ ಒಂದೂಕಾಲು ರೂಪಾಯಿ ಚಾರ್ಜು, ಮುಕ್ಕಾಲು ತಾಸಿನ ದಾರಿ. ಬಸ್ಸಿನ ಟಪ್ಪಿನ ಮೇಲೆ ವೀಳ್ಯದೆಲೆ ಒಯ್ಯುವ ಖಾಲಿ ಬುಟ್ಟಿಗಳು. ಸವಣೂರಿನ ಶಾಲೆ ಒಂದೇ ಕಟ್ಟಡದಲ್ಲಿ ಎರಡು ಶಾಲೆ. ಬೆಳಿಗ್ಗೆ ಏಳೂವರೆಯಿಂದ ಹನ್ನೆರಡರ ತನಕ ಉರ್ದು, ಹನ್ನೆರಡೂವರೆಯಿಂದ ಐದರ ತನಕ ಕನ್ನಡ. ಕೋಣೆ ನಾಲ್ಕೇ ಇದ್ದುದರಿಂದ ಈ ಏರ್ಪಾಡು. ಅರ್ಜಿಯನ್ನು ಎರಡೂ ಶಾಲೆಯವರು ಸೇರಿ ಒಂದೇ ಹಾಳೆಯಲ್ಲಿ ಬರೆದಿದ್ದರು. ಕೆಳಗೆ ಕನ್ನಡದಲ್ಲೊಂದು ಸಹಿ, ಉರ್ದುವಿನಲ್ಲೊಂದು ಸಹಿ.

ಕನ್ನಡ ಸಹಿಯ ಇಂದಿರಾಬಾಯಿಯವರಿಗೆ ಐವತ್ತರ ಆಸುಪಾಸು. ಅವರ ತಂದೆ ಸವಣೂರಿನಲ್ಲಿ ಸಂಸ್ಕೃತ ವ್ಯಾಕರಣ ಹೇಳಿಕೊಟ್ಟವರು. ಅಣ್ಣಂದಿರಿಬ್ಬರು ಪುಣೆಯಲ್ಲಿ ಎಂಜಿನಿಯರು. ಇವರೊಬ್ಬರೇ ಊರಿನಲ್ಲಿ ಉಳಿದಿದ್ದರು. ಉರ್ದು ಸಹಿಯ ಗಫಾರ್ ಮಾಸ್ತರು ಅವರಿಗಿಂತ ನಾಲ್ಕು ವರ್ಷ ಚಿಕ್ಕವರು, ಎತ್ತರದ ಆಳು, ಕರಿ ಟೊಪ್ಪಿಗೆ. ನಾನು ಹೋದ ಕೂಡಲೆ ಅವರ ಮನೆಯಿಂದ ಬಾಳೆಹಣ್ಣಿನ ಗೊನೆಯ ಒಂದು ಚಿಪ್ಪು ಬಂತು.

"ಚಾ ಮಾಡಸೋಣಂದ್ರ, ನೀವು ನಮ್ಮಲ್ಲಿ ಕುಡೀತೀರೋ ಇಲ್ಲೋ ಅಂತ ಸಂಶೆ ಬಂತ್ರಿ," ಎಂದರು ಗಫಾರ್ ಮಾಸ್ತರು. "ಹಣ್ಣಿಗೇನು ತಕರಾರಿಲ್ಲಲ್ರಿ."

"ಚಾಕ್ಕೂ ತಕರಾರಿಲ್ಲ," ಎಂದೆ. ಐದು ನಿಮಿಷದಲ್ಲಿ ಏಲಕ್ಕಿ ಹಾಕಿದ ಚಹಾ ಬಂತು. ಇಂದಿರಾಬಾಯಿ ಚಹಾ ಮುಟ್ಟಲಿಲ್ಲ, ಬಾಳೆಹಣ್ಣು ತಿಂದರು. ಇಬ್ಬರೂ ಕೂಡಿ ಕೆಲಸ ಮಾಡಿದ ಇಪ್ಪತ್ತು ವರ್ಷವೂ ಹೀಗೆಯೇ ನಡೆದಿರಬೇಕು. ಅದರ ಬಗ್ಗೆ ಇಬ್ಬರಲ್ಲಿ ಯಾರಿಗೂ ಮುಜುಗರವಿದ್ದಂತೆ ಕಾಣಲಿಲ್ಲ.

ನನ್ನ ಕುತೂಹಲ ಕೆರಳಿಸಿದ್ದು ಹನ್ನೆರಡರಿಂದ ಹನ್ನೆರಡೂವರೆಯ ನಡುವಿನ ಅರ್ಧ ತಾಸು. ಒಂದು ಶಾಲೆ ಬಿಟ್ಟು ಇನ್ನೊಂದು ಕೂಡುವ ಆ ಹೊತ್ತಿನಲ್ಲಿ ಮನೆಗೆ ಹೋಗಬೇಕಾದವರು ಹೋಗುತ್ತಿರಲಿಲ್ಲ. ಬರಬೇಕಾದವರು ಮೊದಲೇ ಬಂದು ಕೂಡುತ್ತಿದ್ದರು. ಇಂದಿರಾಬಾಯಿ ಉರ್ದು ಶಾಲೆಯ ಮಕ್ಕಳಿಗೆ ಕನ್ನಡ ಹೇಳುತ್ತಿದ್ದರು. ಪಕ್ಕದ ಕೋಣೆಯಲ್ಲಿ ಗಫಾರ್ ಮಾಸ್ತರು ಕನ್ನಡ ಶಾಲೆಯ ಮಕ್ಕಳಿಗೆ ಗಣಿತ. ಅದು ಯಾವ ವೇಳಾಪತ್ರಿಕೆಯಲ್ಲೂ ಇರಲಿಲ್ಲ. ಅವತ್ತು ನನ್ನನ್ನೂ ಸೇರಿಸಿಕೊಂಡು ಎರಡೂ ಕೋಣೆಯ ಮಕ್ಕಳನ್ನು ಊರ ಮಠದ ದೊಡ್ಡ ಹುಣಸೆ ಮರಗಳ ಹತ್ತಿರ ಕರೆದೊಯ್ದರು. ಹುಣಸೆ ಎಂದು ಹೆಸರೇ ಹೊರತು ಅವು ಬೇರೆಯೇ ಜಾತಿಯ ಮರಗಳು. ಆನೆ ಕೂತಂತೆ ಬೊಡ್ಡೆ. ಪಾಠ ಸುತ್ತಳತೆಯದು. ಹನ್ನೊಂದು ಮಕ್ಕಳು ಕೈ ಕೈ ಹಿಡಿದು ಒಂದು ಮರವನ್ನು ಸುತ್ತುವರಿದರು. ಒಂದು ಗೇಣು ಕಡಿಮೆ ಬಿತ್ತು. ಅವರ ಮಾರಿನ ಅಳತೆಯನ್ನು ಮೊದಲೇ ಬರೆದಿಟ್ಟುಕೊಂಡಿದ್ದರು.

"ವ್ಯಾಸ ಎಷ್ಟು?" ಎಂದು ಗಫಾರ್ ಮಾಸ್ತರು ಕೇಳುವುದರೊಳಗೆ ಒಬ್ಬ ಹುಡುಗಿ ಮರವನ್ನು ಹಿಡಿದ ಕೈ ಬಿಡದೆಯೇ ಉತ್ತರ ಹೇಳಿಬಿಟ್ಟಳು. ನಾನು ನೋಟುಬುಕ್ಕಿನಲ್ಲಿ ಮಾಡಿ ನೋಡಿದೆ. ಸರಿಯಾಗಿತ್ತು.

ಅವಳ ಹೆಸರು ಮುಮ್ತಾಜ. ಹದಿನೈದು ವರ್ಷ. ಉರ್ದು ಶಾಲೆಯ ಏಳನೆಯ ಇಯತ್ತೆಯಲ್ಲಿ ಎರಡು ಸಲ ನಪಾಸಾಗಿದ್ದಳು, ಎರಡೂ ಸಲ ಕನ್ನಡದಲ್ಲಿ. ಮಾರ್ಚಿಯಲ್ಲಿ ಮೂರನೆಯ ಸಲ ಕೂಡುವವಳಿದ್ದಳು. ಸಂಜೆ ಇಂದಿರಾಬಾಯಿಯವರ ಜೊತೆ ಅವಳ ಮನೆಗೆ ಹೋದೆ. ಅವಳ ತಾಯಿ ಪಡಸಾಲೆಯಲ್ಲಿ ಒದ್ದೆ ಗೋಣಿಚೀಲ ಹಾಸಿಕೊಂಡು ಮುಂಬಯಿಗೆ ಹೋಗುವ ವೀಳ್ಯದೆಲೆಗಳನ್ನು ಆರಿಸಿ ಕಟ್ಟುತ್ತಿದ್ದರು.

"ಬಾಯಾರ, ಮೂರ ವರ್ಸ ಆತು," ಎಂದರು ಆಕೆ ಕೈ ನಿಲ್ಲಿಸದೆ. "ಎಲ್ಲಾರೂ ನಗತಾರ. ಪಾಸಾದ್ರ ಏನ ಸಿಗತೈತ್ರಿ ಇಕಿಗೆ?"

ಇಂದಿರಾಬಾಯಿ ನನ್ನ ಮುಖ ನೋಡಿದರು. ತರಬೇತಿ ಕಾಲೇಜಿನವಳು ನಾನೇ ಹೇಳಲಿ ಎಂದಿರಬೇಕು.

"ಹೈಸ್ಕೂಲ್ ಸಿಗತೈತೆವ್ವಾ," ಎಂದಳು ಮುಮ್ತಾಜ, ಕಟ್ಟಿದ ಎಲೆಯನ್ನು ಬುಟ್ಟಿಗಿಡುತ್ತ.

ವಾಪಸ್ಸು ಬರುವಾಗ ನಾನು ಇಂದಿರಾಬಾಯಿಯವರನ್ನು ನೇರವಾಗಿಯೇ ಕೇಳಿದೆ. "ಇಷ್ಟ ಚೊಲೊ ಕಲಸ್ತೀರಿ. ಫಲಿತಾಂಶ ಯಾಕ ಹಿಂಗ?"

"ನಾವು ಯಾರನ್ನೂ ಕಳಸೂದಿಲ್ಲ ನೋಡ್ರಿ, ಅದಕ್ಕ," ಎಂದರು.

ಆ ಮಾತಿನ ಅರ್ಥ ನನಗೆ ಆಗಲಿಲ್ಲ. ನಪಾಸಾದ ಶಾಲೆಯವರೆಲ್ಲ ಏನಾದರೊಂದು ಕಾರಣ ಹೇಳುತ್ತಾರೆ ಎಂದುಕೊಂಡೆ. ಅವರ ಮನೆಯಲ್ಲಿ ಬಿಸಿ ರೊಟ್ಟಿ, ಚವಳಿಕಾಯಿ ಪಲ್ಯ, ಹುಳಿಯ ಊಟವಾಯಿತು. ಬೆಳಿಗ್ಗೆ ಹೊರಟಾಗ ಗಫಾರ್ ಮಾಸ್ತರು ನಿಲ್ದಾಣಕ್ಕೆ ಬಂದು ಒಂದು ಪೊಟ್ಟಣ ಸವಣೂರು ಖಾರಾ ಕೈಗಿಟ್ಟರು. ಕೋಣೆಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹಾನಗಲ್ಲಿಗೆ ಬಂಕಾಪುರದಲ್ಲಿ ಬಸ್ಸು ಬದಲಿಸಬೇಕು. ಅಲ್ಲಿ ಒಂದೂವರೆ ತಾಸು ಕಾದೆ. ಕೋಟೆಯ ಕಡೆಯಿಂದ ನವಿಲು ಕೂಗುವುದು ಕೇಳುತ್ತಿತ್ತು. ಬಂಕಾಪುರ ದಾಟಿದ ಮೇಲೆ ನೆಲದ ಬಣ್ಣ ಬದಲಾಯಿತು. ಕರಿ ಎರೆ ಹೋಗಿ ಕೆಂಪು ಮಣ್ಣು, ಹತ್ತಿ ಹೋಗಿ ಭತ್ತದ ಕೂಳೆ, ಅಲ್ಲಲ್ಲಿ ಕೆರೆ. ಹಾನಗಲ್ಲು ತಾಲೂಕಿನ ಶಾಲೆ ಅಕ್ಕಿಆಲೂರಿನ ಹತ್ತಿರದ್ದು. ನಾನು ಹೋದ ದಿನವೇ ಸಂತೆ. ತರಗತಿಯಲ್ಲಿ ಮೂರರಲ್ಲೊಂದು ಪಾಲು ಮಕ್ಕಳೂ ಇರಲಿಲ್ಲ. ಹೆಡ್‌ಮಾಸ್ತರು ಪಾಟೀಲರು ಸ್ವಲ್ಪವೂ ಗಾಬರಿಯಾಗದೆ ಕೊಡೆ ಹಿಡಿದುಕೊಂಡು, "ಬರ್ರಿ, ಹುಡುಗರ್ನ ಸಂತ್ಯಾಗ ತೋರಸ್ತೇನಿ," ಎಂದು ಹೊರಟರು.

ಸಂತೆಯಲ್ಲಿ ಅವರ ಮಕ್ಕಳು ಅವ್ವ ಅಪ್ಪಂದಿರ ಪಕ್ಕ ಕೂತು ಬದನೆಕಾಯಿ, ಬೆಲ್ಲ, ಚುರುಮುರಿ ಮಾರುತ್ತಿದ್ದರು. ಮಾಸ್ತರನ್ನು ಕಂಡು ಎದ್ದು ನಿಲ್ಲುತ್ತಿದ್ದರು. "ಐತವಾರ ಮುಂಜಾನಿ ಇವರಿಗೆ ಸಾಲಿ ಇಟ್ಟೇನ್ರಿ," ಎಂದರು ಪಾಟೀಲರು, ತಮ್ಮ ಭಾನುವಾರದ ರಜೆಯ ಲೆಕ್ಕ ಹೇಳುತ್ತ. "ಸಂತಿ ಬಿಡ್ರಿ ಅನ್ನೂಕಿಂತಾ ನಾ ಐತವಾರ ಬಿಡೂದು ಸಸ್ತಾ." ಅಕ್ಕಿ ಗಿರಣಿಯ ತೌಡಿನ ಧೂಳು ಇಬ್ಬರ ತಲೆಯ ಮೇಲೂ ಕೂತಿತ್ತು. ನಾಲ್ಕಾಣೆಗೆ ಒಂದು ಕಪ್ ಚಹಾ, ಎರಡು ಮಿರ್ಚಿ ಭಜಿ. ಆ ಊಟವನ್ನು ನಾನು ಇನ್ನೂ ಮರೆತಿಲ್ಲ.

ಶುಕ್ರವಾರ ಹಿರೇಕೆರೂರು ದಾಟಿ ಮಾಸೂರಿನ ಕಡೆಗೆ ಹೋದೆ. ಪಟ್ಟಿಯ ತುದಿಯಲ್ಲಿದ್ದ ಶಾಲೆ ಆ ಕಡೆಯ ಒಂದು ಹಳ್ಳಿಯಲ್ಲಿತ್ತು. ಮುಂದಿನದನ್ನು ಓದಿದರೆ ನಾನು ಆ ಊರಿನ ಹೆಸರು ಯಾಕೆ ಬರೆಯುವುದಿಲ್ಲವೆಂಬುದು ತಿಳಿಯುತ್ತದೆ. ಹೆಡ್‌ಮಾಸ್ತರ ಹೆಸರು ಚನ್ನಬಸಪ್ಪ ಎಂದಿಟ್ಟುಕೊಳ್ಳೋಣ.

ಶಾಲೆ ಕನ್ನಡಿಯಂತಿತ್ತು. ಅಂಗಳ ಸಾರಿಸಿ ರಂಗೋಲಿ ಹಾಕಿದ್ದರು. ಗೋಡೆಯ ಮೇಲೆ ಮಕ್ಕಳೇ ಬರೆದ ಜಿಲ್ಲೆಯ ನಕಾಶೆ. ಚನ್ನಬಸಪ್ಪ ಮಾಸ್ತರು ಭಿನ್ನರಾಶಿ ಹೇಳುವುದನ್ನು ಹಿಂದೆ ಕೂತು ಕೇಳಿದೆ. ಒಂದು ರೊಟ್ಟಿ ತಂದು ಹರಿದು, ಮತ್ತೆ ಹರಿದು, ಯಾರಿಗೆ ಎಷ್ಟು ಬಂತೆಂದು ಮಕ್ಕಳಿಂದಲೇ ಹೇಳಿಸಿದರು. ಇಷ್ಟು ಒಳ್ಳೆಯ ಪಾಠವನ್ನು ನಾನು ನಮ್ಮ ಕಾಲೇಜಿನಲ್ಲೂ ಕೇಳಿರಲಿಲ್ಲ. ಅದನ್ನು ಹಾಗೆಯೇ ನೋಟುಬುಕ್ಕಿನಲ್ಲಿ ಬರೆದೆ. ಮೂರು ಕೋಣೆಗಳಲ್ಲಿ ಒಂದರ ಹಂಚು ಹಾರಿಹೋಗಿತ್ತು. ಆರನೆಯ, ಏಳನೆಯ ಇಯತ್ತೆಗಳು ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ಕೂತಿದ್ದವು. ಇವರಿಗಲ್ಲದೆ ಇನ್ನಾರಿಗೆ ಕೋಣೆ ಎಂದುಕೊಂಡೆ. ಒಂದೇ ಸಂಗತಿ ಸ್ವಲ್ಪ ವಿಚಿತ್ರವೆನಿಸಿತು. ಐದನೆಯ ಇಯತ್ತೆಯಲ್ಲಿ ಮಕ್ಕಳು ಕಿಕ್ಕಿರಿದಿದ್ದರು. ಏಳನೆಯದರಲ್ಲಿ ಬೆರಳೆಣಿಕೆಯಷ್ಟು.

ಮಧ್ಯಾಹ್ನ ಮಾಸ್ತರ ಮನೆಯಲ್ಲಿ ಊಟ ಮುಗಿಸಿ, ಮಾಸೂರಿನ ಮದಗದ ಕೆರೆಯನ್ನು ನೋಡಿ ಬರುತ್ತೇನೆಂದು ಹೊರಟೆ. ಕೆರೆಯ ಕೆಳಗೆ ಹಸಿರೋ ಹಸಿರು. ಬೇಸಿಗೆ ಭತ್ತದ ನಾಟಿ ನಡೆದಿತ್ತು. ಸಾಲಾಗಿ ಬಾಗಿದ ಹೆಂಗಸರ ನಡುವೆ ಸಣ್ಣ ಹುಡುಗಿಯರೂ ಇದ್ದರು. ಬದುವಿನ ಮೇಲೆ ಕೂತು ನೋಟುಬುಕ್ಕಿನಲ್ಲಿ ಬರೆಯುತ್ತಿದ್ದೆ. ನೀರು ಕುಡಿಯಲು ಬಂದ ಒಬ್ಬಳು ಕೆಸರುಗೈಯನ್ನು ಹಿಂದೆ ಕಟ್ಟಿಕೊಂಡು ನನ್ನ ಎದುರು ನಿಂತಳು. ಹನ್ನೆರಡೋ ಹದಿಮೂರೋ ವರ್ಷದವಳು. ಸ್ವಲ್ಪ ಹೊತ್ತು ನಿಂತು, "ಅಕ್ಕೋರ, ಮಾಸೂರಕ್ಕ ದೀರ್ಘ ಬರೂದಿಲ್ಲೇನ್ರಿ?" ಎಂದಳು.

ನೋಡಿದೆ. ಗಡಿಬಿಡಿಯಲ್ಲಿ 'ಮಾಸುರು' ಎಂದು ಬರೆದಿದ್ದೆ. ಅವಳು ತಲೆಕೆಳಗಾಗಿಯೇ ಓದಿದ್ದಳು.

"ಬರ್ತದ," ಎಂದು ತಿದ್ದಿದೆ. "ನಿನ್ನ ಹೆಸರೇನವಾ? ಸಾಲಿಗೆ ಹೋಗ್ತೀಯೇನು?"

"ಗಂಗವ್ವರಿ. ಹೊಕ್ಕಿದ್ನಿರಿ. ಹೆಸರ ತಗದ್ರು."

"ಯಾಕ?"

"ಸುಗ್ಗ್ಯಾಗ ಎರಡ ತಿಂಗಳ ಹೋಗಲಿಲ್ರಿ. ಕೂಲಿಗೆ ಬಂದಿದ್ನಿ."

ಅವಳ ತಾಯಿ ದುರಗವ್ವ ಸೊಂಟ ಹಿಡಿದುಕೊಂಡು ಎದ್ದು ಬಂದರು. ಮಗಳು ಏನಾದರೂ ತಪ್ಪು ಮಾಡಿದಳೆಂಬ ಅಂಜಿಕೆ ಅವರ ಮುಖದಲ್ಲಿತ್ತು. ನಾನು ವಿಷಯ ಕೇಳಿದಾಗ ಗಲ್ಲಕ್ಕೆ ಕೈ ಹಚ್ಚಿಕೊಂಡು ಹೇಳಿದರು. "ಮಾಸ್ತರು ಭಾಳ ಚೊಲೊ ಮನಿಷ್ಯಾರ್ರಿ. ಒಂದ ದಿನಾ ಬೈದವರಲ್ಲ. ಮನಿತನಾ ಬಂದ್ರು. 'ದುರಗವ್ವಾ, ಇಕಿ ಭಾಳ ದಿನಾ ತಪ್ಪಿಸ್ಯಾಳ, ಪಾಸಾಗೂದಿಲ್ಲ, ಸುಮ್ನ ಹೆಸರ ಯಾಕ' ಅಂದ್ರು. ಹೂಂ ಅಂದೆ. ಹೆಬ್ಬಟ್ಟ ಒತ್ತಿದ್ನಿ."

"ಇಕಿ ಒಬ್ಬಾಕಿನಾ?"

ದುರಗವ್ವ ಗದ್ದೆಯ ಕಡೆ ತಿರುಗಿ ಬೆರಳು ಮಾಡಿದರು. ಅಲ್ಲೊಬ್ಬಳು, ಆ ಕೆಂಪು ಸೀರೆಯಾಕೆಯ ಮಗ್ಗುಲಿಗೊಬ್ಬಳು, ಏರಿಯ ಮೇಲೆ ಸಸಿ ಹೊತ್ತು ಬರುವವರಿಬ್ಬರು. ನಾನು ಹೆಸರು ಕೇಳುತ್ತ ಹೋದೆ, ಬರೆಯುತ್ತ ಹೋದೆ. ಕಾಗುಣಿತ ತಪ್ಪಿದಲ್ಲೆಲ್ಲ ಗಂಗವ್ವ ತಿದ್ದಿದಳು. ಇಂದಿರಾಬಾಯಿ ಸವಣೂರಿನಲ್ಲಿ ಹೇಳಿದ ಮಾತಿನ ಅರ್ಥ ಆಗ ಆಯಿತು. ಅಲ್ಲಿ ಯಾರನ್ನೂ ಕಳಿಸುತ್ತಿರಲಿಲ್ಲ. ಇಲ್ಲಿ ಕಳಿಸಿದ್ದರು.

ಕೆರೆ ನೋಡುವುದು ಅಲ್ಲಿಗೇ ನಿಂತಿತು. ಸಂಜೆ ಶಾಲೆ ಬಿಟ್ಟ ಮೇಲೆ ಮಾಸ್ತರು ಒಬ್ಬರೇ ಹಲಗೆ ಒರೆಸುತ್ತಿದ್ದರು. ನಾನು ನೋಟುಬುಕ್ಕು ಬಿಚ್ಚಿ ಅವರ ಮುಂದಿಟ್ಟೆ. ಅವರು ಒಂದೊಂದೇ ಹೆಸರು ಓದಿದರು. ಓದುತ್ತ ಓದುತ್ತ ಬೆಂಚಿನ ಮೇಲೆ ಕೂತರು. ಸುಳ್ಳು ಹೇಳುತ್ತಾರೆಂದುಕೊಂಡಿದ್ದೆ. ಹೇಳಲಿಲ್ಲ.

"ಹೌದ್ರಿ. ನಾನ ತಗದೇನಿ," ಎಂದರು. "ಗಂಗವ್ವ ಶ್ಯಾಣ್ಯಾಕಿ. ಅಕಿ ಹೆಸರ ತಗದ ದಿನಾ ನನಗ ಊಟ ಸೇರಲಿಲ್ಲ."

"ಮತ್ತ ಯಾಕ ತಗದ್ರಿ?"

"ಈ ಖೋಲಿ ನೋಡ್ರಿ. ಇಪ್ಪತ್ತ ಮಂದಿ ಇದ್ರ ಕಲಸ್ತೇನಿ. ನಲವತ್ತ ಆದ್ರ ಬರೇ ಕಾಯ್ತೇನಿ, ದನಾ ಕಾದಂಗ." ಅವರ ದನಿ ಸಣ್ಣದಾಯಿತು. "ಎಲ್ಲಾರೂ ಒಂದನ ಕೇಳ್ತಾರ್ರಿ, ರಿಜಲ್ಟ್ ಎಷ್ಟು. ಊರವರು ಕೇಳ್ತಾರ, ಮ್ಯಾಲಿನವರು ಕೇಳ್ತಾರ. ನಿಮ್ಮ ಪತ್ರದಾಗೂ ಅದನ ಕೇಳಿದ್ರಿ, ಪಾಸಾದವರು ಎಷ್ಟು ಅಂತ. ಸಾಲಿ ಬಿಟ್ಟವರು ಎಷ್ಟು ಅಂತ ಒಂದ ಸಾಲು ಇದ್ದಿದ್ರ, ಅರ್ಜಿನ ಹಾಕತಿದ್ದಿಲ್ಲ."

ಆ ಪತ್ರದ ಕರಡು ಬರೆದವಳು ನಾನು. ಪ್ರಾಚಾರ್ಯರು ಸಹಿ ಮಾಡಿದ್ದರು ಅಷ್ಟೆ.

"ಏನ್ ಬರೀತೀರಿ?" ಎಂದು ಕೇಳಿದರು.

"ನೋಡಿದ್ದನ್ನ ಬರೀತೀನ್ರಿ. ನಿಮ್ಮ ರೊಟ್ಟಿ ಪಾಠಾನೂ ಬರೀತೀನಿ, ಈ ಹೆಸರೂ ಬರೀತೀನಿ."

ಅವರು ಆಗಲಿ ಎಂಬಂತೆ ತಲೆಯಾಡಿಸಿದರು. ಅವತ್ತು ಅವರ ಮನೆಯಲ್ಲೇ ಉಳಿಯುವ ಮಾತಾಗಿತ್ತು. ಉಳಿಯಲು ನನಗೆ ಸಂಕೋಚ. ಅವರ ಹೆಂಡತಿಗೆ ಏನೂ ಗೊತ್ತಿಲ್ಲ, ಹೋಳಿಗೆಗೆ ಬೇಳೆ ಬೇಯಿಸಲು ಇಟ್ಟಿದ್ದರು. ಉಳಿದೆ. ಮೂವರೂ ಹೋಳಿಗೆ ತಿಂದೆವು. ಮಾಸ್ತರು ಒಂದೇ ತಿಂದರು.

ಶನಿವಾರ ಬೆಳಿಗ್ಗೆ ಹಿರೇಕೆರೂರಿನಿಂದ ಹಾವೇರಿಗೆ, ಹಾವೇರಿಯಿಂದ ಹುಬ್ಬಳ್ಳಿಗೆ ಬಂದೆ. ಎರಡೂ ಬಸ್ಸು ಸೇರಿ ಒಂಬತ್ತು ರೂಪಾಯಿಯೊಳಗೆ ಆಯಿತು. ದಾರಿಯುದ್ದಕ್ಕೂ ತೊಡೆಯ ಮೇಲೆ ವರದಿ ಬರೆದೆ. ಬಸ್ಸು ಕುಣಿದಲ್ಲೆಲ್ಲ ಅಕ್ಷರಗಳೂ ಕುಣಿದವು. ಕೊನೆಗೆ ಒಂದು ಸಾಲು: ಎರಡೂ ಕೋಣೆಗಳನ್ನು ಸವಣೂರಿನ ಶಾಲೆಗೆ ಕೊಡಬೇಕು. ಅದರಲ್ಲಿ ನನಗೆ ಅಣುವಿನಷ್ಟೂ ಅನುಮಾನವಿರಲಿಲ್ಲ.

ಪ್ರಾಚಾರ್ಯರು ವರದಿ ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದನ್ನ ನೀನ ಹೋಗಿ ಓದಿ ಹೇಳು. ನನ್ನಿಂದ ಆಗೂದಿಲ್ಲ," ಎಂದರು.

ಅಂದಾನೆಪ್ಪನವರ ಅಂಗಡಿ ಹುಬ್ಬಳ್ಳಿಯ ಹತ್ತಿಪೇಟೆಯಲ್ಲಿ. ಎಪ್ಪತ್ತರ ಮುದುಕರು ಗಾದಿಯ ಮೇಲೆ ಕಾಲು ಮಡಚಿ ಕೂತು, ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಮರದ ಅಳತೆಯ ಸಂಗತಿ ಬಂದಾಗ ನಕ್ಕರು. ಗಂಗವ್ವನ ಸಂಗತಿ ಬಂದಾಗ ಕಣ್ಣು ತೆರೆದರು.

"ಆ ಹುಡುಗಿ ಈಗ ಎಲ್ಲೈತಿ?"

"ಗದ್ಯಾಗ್ರಿ. ನಾಟಿ ಹಚ್ಲಿಕ್ಕೆ ಹತ್ತ್ಯಾಳ."

ಗುಮಾಸ್ತ ತಂದಿಟ್ಟ ಚಹಾದ ಕಪ್ಪನ್ನು ಬದಿಗೆ ಸರಿಸಿದರು. ಆಮೇಲೆ ಹೇಳಿದರು. "ಖೋಲಿ ಅಲ್ಲೇ ಕಟ್ಟಸ್ತೇನ್ರಿ. ಆ ಊರಾಗ."

ನನಗೆ ತಪ್ಪು ಕೇಳಿಸಿತೇನೋ ಎನಿಸಿತು. "ಅಲ್ರಿ, ಹೆಸರು ತಗದ ಸಾಲಿಗೆ? ಸವಣೂರಿನವರು ಅಷ್ಟ ಕಷ್ಟಪಟ್ಟು..."

"ಸವಣೂರಾಗ ಖೋಲಿ ಇಲ್ಲ, ಆದ್ರ ಹುಡುಗರದಾವು. ಗಂಗವ್ವನ ಊರಾಗ ಖೋಲಿ ಇಲ್ಲಂತ ಹುಡುಗರ ಇಲ್ಲ. ಎಲ್ಲಿ ಮೊದಲ ಕಟ್ಟಸಬೇಕು, ನೀವ ಹೇಳ್ರಿ."

"ತಪ್ಪು ಮಾಡಿದವರಿಗೆ ಇನಾಮು ಕೊಟ್ಟಂಗ ಆಗ್ತದಲ್ರೀ."

"ಮಾಸ್ತರಿಗೆ ಯಾರ ಕೊಡಾಕತ್ತಾರ? ಗಂಗವ್ವಗ ಕೊಡಾಕತ್ತೇನಿ." ಗುಮಾಸ್ತನ ಕಡೆ ತಿರುಗಿ ಬರೆದುಕೊಳ್ಳಲು ಹೇಳಿದರು. "ತಗದ ಹೆಸರ ಎಲ್ಲಾ ಹೊಳ್ಳಿ ಬರೀಬೇಕು. ಮೊದಲ ಹೆಸರ, ಆಮ್ಯಾಲ ಪಾಯಾ. ಸುಗ್ಗಿ ದಿನಕ್ಕ ಏನ ಮಾಡಬೇಕಂತ ಆ ಅಕ್ಕಿಆಲೂರ ಕಡೆ ಮಾಸ್ತರನ್ನ ಕೇಳಂತ ಹೇಳ್ರಿ. ಅವ ಐತವಾರ ಸಾಲಿ ನಡಸ್ತಾನಲ್ಲ."

ನಾನು ಸಿಟ್ಟಿನಲ್ಲೇ ಎದ್ದು ಬಂದೆ. ಧಾರವಾಡದ ಬಸ್ಸಿನಲ್ಲಿ ಕೂತಾಗಲೂ ಸಿಟ್ಟು ಇಳಿದಿರಲಿಲ್ಲ. ಉತ್ತರ ಕೊಡಲು ಬಾರದೆ ಹೋದುದರ ಸಿಟ್ಟೇ ಹೆಚ್ಚಾಗಿತ್ತು.

ಸವಣೂರಿಗೆ ಪತ್ರ ಬರೆಯುವ ಕೆಲಸ ನನ್ನದೇ. ಮೂರು ಸಲ ಬರೆದು ಹರಿದೆ. ನಾಲ್ಕನೆಯದನ್ನು ಕಳಿಸಿದೆ. ಇಂದಿರಾಬಾಯಿಯವರ ಉತ್ತರ ಬರಲು ಎರಡು ತಿಂಗಳು ಹಿಡಿಯಿತು. ಅಂತರ್ದೇಶಿ ಪತ್ರದಲ್ಲಿ ಮುತ್ತಿನಂಥ ಅಕ್ಷರ. "ಕೋಣೆ ಬರಲಿಲ್ಲವೆಂದು ಬೇಸರವಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಗಫಾರ್ ಮಾಸ್ತರು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಅಂಗಳದಲ್ಲಿ ಚಪ್ಪರ ಹಾಕಿಸಿದರು. ಮುಮ್ತಾಜ ಪಾಸಾದಳು. ಕನ್ನಡದಲ್ಲಿ ಮೂವತ್ತೇಳು. ಹೈಸ್ಕೂಲಿಗೆ ಹೆಸರು ಹಚ್ಚಿದ್ದೇವೆ. ನೀವು ಈ ಕಡೆ ಬಂದರೆ ಅವಳು ನಿಮಗೆ ಕನ್ನಡದಲ್ಲಿ ಬೈಯಬೇಕಂತೆ."

ಗಂಗವ್ವನ ಊರಿನಲ್ಲಿ ಮಳೆಗಾಲಕ್ಕೆ ಮೊದಲೇ ಪಾಯ ತೋಡಿದರು. ಚನ್ನಬಸಪ್ಪ ಮಾಸ್ತರು ಅಷ್ಟರೊಳಗೆ ಮನೆಮನೆಗೆ ಹೋಗಿ ತೆಗೆದ ಹೆಸರನ್ನೆಲ್ಲ ಮತ್ತೆ ಬರೆದುಕೊಂಡಿದ್ದರಂತೆ. ಕೆಲವರನ್ನು ಮೂರು ಮೂರು ಸಲ ಹೋಗಿ ಕರೆದರಂತೆ. ಒಬ್ಬಳಿಗೆ ಅಷ್ಟರಲ್ಲಿ ಮದುವೆಯಾಗಿತ್ತು. ಅವಳು ಬರಲಿಲ್ಲ.

ಅದಾದ ಮುಂದಿನ ವರ್ಷ ಪ್ರಾಚಾರ್ಯರು ಮತ್ತೆ ನಾಲ್ಕು ತಾಲೂಕಿನ ಫಲಿತಾಂಶ ತರಿಸಿದರು. ಈ ಸಲ ಯಾರೂ ಕೇಳಿರಲಿಲ್ಲ, ಅವರಿಗೇ ಕುತೂಹಲ. ನಮ್ಮ ಎರಡು ಕೋಣೆ ಪಡೆದ ಶಾಲೆ ಪಟ್ಟಿಯ ತಳಕ್ಕೆ ಹೋಗಿತ್ತು. ಅವರು ಆ ಹಾಳೆ ಹಿಡಿದುಕೊಂಡು ನನ್ನ ತರಗತಿಯ ಬಾಗಿಲಿಗೇ ಬಂದರು.

"ವಾರಿಜಾ, ಏನಿದು? ಇಷ್ಟು ಚೊಲೊ ಕಟ್ಟಡ ಆತು. ಏನಾತು ಆ ಸಾಲಿಗೆ?"

ನಾನು ಹಾಳೆ ಇಸಕೊಂಡು ನೋಡಿದೆ. ಪರೀಕ್ಷೆಗೆ ಕೂತವರ ಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು.

"ಹುಡುಗರು ಬಂದಾರ್ರಿ, ಸರ್," ಎಂದೆ.